ಲುಂಗಿ ಉಟ್ಟವನಿಗೂ ಲಜ್ಜೆ ಬೇಕು

"ಸರಿಯಾಗಿ ಕುಳಿತುಕೋ" ಎಂಬ ಮಾತನ್ನು ನನ್ನ ತಂಗಿ ದಿನಕ್ಕೆ ನಾಲ್ಕು ಸಲ ಕೇಳುತ್ತಾಳೆ. ಅವಳ ಪಕ್ಕದಲ್ಲೇ ಲುಂಗಿ ಎತ್ತಿ ಕಟ್ಟಿ, ಕಾಲಗಲಿಸಿ ಕುಳಿತ ನನಗೆ ಅದನ್ನು ಹೇಳಿದವರು ಅಜ್ಜ ಒಬ್ಬರೇ.

ಅಜ್ಜ ಪ್ಯಾಂಟ್ ತೊಟ್ಟವರೇ ಅಲ್ಲ. ತೋಟದ ಕೆಲಸಕ್ಕೆ ಲುಂಗಿ ಎತ್ತಿ ಕಟ್ಟುತ್ತಾರೆ, ನಿಜ. ಆದರೆ ಯಾರಾದರೂ ಬಂದರೆ ಮೊದಲು ಅದನ್ನು ಕೆಳಗಿಳಿಸುತ್ತಾರೆ, ಆಮೇಲೆ ಸಲಾಂ. ಜಗಲಿಯಲ್ಲಿ ಕೂರುವಾಗ ಮೊಣಕಾಲು ಜೋಡಿಸಿ, ಬಟ್ಟೆಯನ್ನು ನಡುವೆ ಸರಿಪಡಿಸಿಕೊಳ್ಳುತ್ತಾರೆ. ಕೆಲಸಕ್ಕೂ ಅಡ್ಡಿಯಿಲ್ಲ, ಮರ್ಯಾದೆಗೂ ಕುಂದಿಲ್ಲ.

ಮ್ಯಾನ್ಮಾರ್‌ನ ಲೋಂಜಿ, ಯೆಮನ್‌ನ ಫೂತಾ, ಸ್ಕಾಟ್ಲೆಂಡಿನ ಕಿಲ್ಟ್, ನಮ್ಮ ಲುಂಗಿ: ಎಲ್ಲವೂ ಒಂದರ್ಥದಲ್ಲಿ ಗಂಡಸರ ಲಂಗಗಳೇ. ಉಡುವುದರಲ್ಲಿ ನಾಚಿಕೆಯಿಲ್ಲ; ಕೂರುವುದರಲ್ಲಿ ಎಚ್ಚರ ಬೇಕು.

ಹೊಕ್ಕುಳಿನಿಂದ ಮೊಣಕಾಲಿನವರೆಗೆ ಗಂಡಸು ಮುಚ್ಚಿಕೊಳ್ಳಬೇಕೆಂದು ಹೆಚ್ಚಿನ ಉಲಮಾಗಳು ಹೇಳುತ್ತಾರೆ. ಸೂರಃ ಅನ್ನೂರ್‌ನಲ್ಲಿ ದೃಷ್ಟಿ ತಗ್ಗಿಸುವ, ಮಾನ ಕಾಪಾಡುವ ಆದೇಶ 30ನೇ ವಚನದಲ್ಲಿ ಗಂಡಸರಿಗೆ ಬಂದಿದೆ. ಮಹಿಳೆಯರಿಗೆ ಹೇಳಿದ್ದು 31ರಲ್ಲಿ. ನಾವು ಮೊದಲನೆಯದನ್ನು ದಾಟಿ ನೇರ ಎರಡನೆಯದನ್ನೇ ಉಪದೇಶಿಸುತ್ತೇವೆ.

ಪ್ಯಾಂಟ್ ತೊಟ್ಟವರೂ ಇದರಿಂದ ಹೊರತಲ್ಲ. ಬೆಳಗಿನ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ಇಬ್ಬರೇ ಕಾಲಗಲಿಸಿ ತುಂಬಿದಾಗ, ಅಂಚಿನಲ್ಲಿ ಮುದುಡಿ ಕೂರುವವರು ನಮ್ಮಂಥವರೇ ತಾನೇ?

ಗೆಳೆಯರೇ, ತಂಗಿಗೆ "ಸರಿಯಾಗಿ ಕುಳಿತುಕೋ" ಎನ್ನುವ ಮೊದಲು ನಮ್ಮ ಮೊಣಕಾಲು ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳೋಣ. ನಾನಂತೂ ಈಗ ನೋಡಿಕೊಳ್ಳುತ್ತಿದ್ದೇನೆ.

– ದ್ವಿತೀಯ ಪಿಯುಸಿ ವಿದ್ಯಾರ್ಥಿ