ಹನ್ನೆರಡು ವರ್ಷದ ಮೌನ, ಮಾದಪ್ಪನ ಋಣ

ಹನ್ನೆರಡು ವರ್ಷಗಳ ಸುದೀರ್ಘ ಅಂತರದ ತರುವಾಯ, 2025ರಲ್ಲಿ, ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ನಮ್ಮ ನಾಡಿನ ರಾಕ್ ತಂಡವು ‘ಶಕ್ಕರ್’ ಎಂಬ ತನ್ನ ಮೂರನೆಯ ಧ್ವನಿಸಂಪುಟವನ್ನು ಕೇಳುಗರ ಮುಂದಿರಿಸಿತು. ಅದಕ್ಕೆ ಹಿಂದಿನ ‘ಜಗ್ ಚಂಗಾ’ ಹೊರಬಂದದ್ದು 2013ರಲ್ಲಿ. ಅಂದು ಕಾಲೇಜಿನ ಮೆಟ್ಟಿಲ ಮೇಲೆ ಕುಳಿತು ಅದನ್ನು ಕೇಳಿದ ತರುಣರು ಇಂದು ಮಕ್ಕಳನ್ನು ಶಾಲೆಗೆ ಬಿಟ್ಟುಬರುವ ಗೃಹಸ್ಥರಾಗಿದ್ದಾರೆ. ಇಷ್ಟು ಕಾಲದ ಮೇಲೆ ಒಂದು ತಂಡ ಹೊಸ ಹಾಡುಗಳೊಡನೆ ಮರಳಿದಾಗ ಅದನ್ನು ಪುನರಾಗಮನವೆಂದು ಕರೆದು ಹರ್ಷಿಸುವುದು ಸಹಜವೇ ಸರಿ. ಆ ಹರ್ಷದಲ್ಲಿ ನನಗೂ ಪಾಲುಂಟು. ಆದರೆ ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಣ ಹರವೆಯ ಸೀಮೆಯಲ್ಲಿದ್ದು, ಶಿವರಾತ್ರಿಗೂ ದೀಪಾವಳಿಗೂ ಮಾದಪ್ಪನ, ಎಂದರೆ ಮಹದೇಶ್ವರನ, ಬೆಟ್ಟದ ಹಾದಿ ಹಿಡಿಯುವ ಜನಸಂದಣಿಯನ್ನು ವರ್ಷವರ್ಷವೂ ಕಾಣುತ್ತಿರುವವರ ಮನಸ್ಸಿನಲ್ಲಿ, ನಗರದ ವಿಮರ್ಶಕರ ಮನಸ್ಸಿನಲ್ಲಿ ಏಳದ ಪ್ರಶ್ನೆಯೊಂದು ಏಳುತ್ತದೆ: ಜನಪದದ ಸೊಲ್ಲನ್ನು ಮೂಲಧನವಾಗಿಟ್ಟುಕೊಂಡು ಬೆಳೆದ ತಂಡವೊಂದು ಮೌನ ಮುರಿದು ಮರಳುವಾಗ, ಆ ಸೊಲ್ಲನ್ನು ಕಾಪಾಡಿಕೊಂಡು ಬಂದವರಿಗೆ ಅದು ಸಲ್ಲಿಸಬೇಕಾದ ಋಣ ಯಾವುದು?

ಈ ತಂಡಕ್ಕೂ ನಮ್ಮ ಸೀಮೆಗೂ ಇರುವ ಸಂಬಂಧ ಕಲ್ಪಿತವಾದುದಲ್ಲ. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸುವರ್ಣಪದಕ ಪಡೆದು, ಭರತನಾಟ್ಯವನ್ನು ಅಭ್ಯಸಿಸಿ, ಕೊನೆಗೆ ಗಿಟಾರನ್ನು ಹಿಡಿದ ರಘು ದೀಕ್ಷಿತರು ಮೊದಲು ‘ಅಂತರಾಗ್ನಿ’ ಎಂಬ ಹೆಸರಿನಲ್ಲಿ ತಂಡ ಕಟ್ಟಿದರು. ವಿಶಾಲ್ ಮತ್ತು ಶೇಖರ್ ಎಂಬ ಮುಂಬಯಿಯ ಸಂಗೀತನಿರ್ದೇಶಕರ ಸಂಸ್ಥೆಯಿಂದ 2008ರಲ್ಲಿ ಬಂದ ಪ್ರಥಮ ಸಂಪುಟದಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಗುಡುಗುಡಿಯ ಪದವೂ ಸೋರುವ ಮಾಳಿಗೆಯ ಪದವೂ ಇದ್ದುವು. ಕನ್ನಡವನ್ನರಿಯದ ಶ್ರೋತೃಗಳು ಆ ಪದಗಳಿಗೆ ತಲೆದೂಗಿದರು; 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದ ವೇದಿಕೆಯನ್ನೂ ತಂಡ ಏರಿತು. ಅದೇ 2008ರಲ್ಲಿ, ‘ಸೈಕೋ’ ಎಂಬ ಚಲನಚಿತ್ರಕ್ಕೆಂದು ದೀಕ್ಷಿತರು ಸ್ವರ ಸಂಯೋಜಿಸಿ ತಾವೇ ಹಾಡಿದ ಮಹದೇಶ್ವರನ ಹಾಡು ಹೊರಬಂದಿತು. ಚಿತ್ರವನ್ನು ನೋಡದವರ ಕಿವಿಗೂ ಆ ಹಾಡು ಬಿದ್ದಿತು. ಮಾದಪ್ಪನ ಹೆಸರನ್ನು ಅಷ್ಟು ತಾರಸ್ಥಾಯಿಯಲ್ಲಿ, ಗಿಟಾರು ಡ್ರಮ್ಮುಗಳ ಘೋಷದೊಡನೆ ಕೂಗಿ ಕರೆದದ್ದನ್ನು ಕೇಳಿ ನಮ್ಮ ಊರುಗಳ ಹುಡುಗರು ಹಿಗ್ಗಿದರು. ಪಾದಯಾತ್ರೆಯ ಹಿಂದೆ ಬರುವ ಟ್ರ್ಯಾಕ್ಟರುಗಳ ಧ್ವನಿವರ್ಧಕದಲ್ಲಿ ಕಂಸಾಳೆಯ ಪದಗಳ ಸಾಲಿಗೆ ಅದೂ ಸೇರಿಹೋಯಿತು. ಹಳಬರಲ್ಲಿ ಕೆಲವರಿಗೆ ಅದು ರುಚಿಸಲಿಲ್ಲ. ನನಗೆ ಅದರಲ್ಲಿ ದೋಷವೇನೂ ತೋರಲಿಲ್ಲ, ಇಂದಿಗೂ ತೋರುವುದಿಲ್ಲ.

ಇನ್ನು ಮೌನದ ವಿಷಯ. ಒಂದು ತಂಡ ದೀರ್ಘಕಾಲ ಧ್ವನಿಸಂಪುಟ ತರದಿರುವುದು ಇತ್ತೀಚೆಗೆ ವಿರಳವಲ್ಲ. ಸ್ವೀಡನ್ನಿನ ಅಬ್ಬಾ ತಂಡ 1981ರ ಬಳಿಕ ಮತ್ತೊಂದು ಸಂಪುಟವನ್ನು ತಂದದ್ದು ನಲವತ್ತು ವರ್ಷ ಕಳೆದು 2021ರಲ್ಲಿ. ದೆಹಲಿಯ ಇಂಡಿಯನ್ ಓಷನ್ 2014ರಿಂದ 2023ರವರೆಗೆ ಕಾಯಿಸಿತು. ದೀಕ್ಷಿತರ ಸೋದರ ವಾಸು ದೀಕ್ಷಿತರ ‘ಸ್ವರಾತ್ಮ’ ತಂಡವು 2012ರ ಸಂಪುಟದ ನಂತರ ಮುಂದಿನದನ್ನು 2018ರಲ್ಲಿ ಕೊಟ್ಟಿತು. ಈ ಸ್ವರಾತ್ಮವೇ ತನ್ನ ಮೊದಲ ಸಂಪುಟದಲ್ಲಿ ಕಾವೇರಿ ನದಿಯ ಬಾಯಿಂದಲೇ ನೀರಿನ ಕಲಹವನ್ನು ಹಾಡಿಸಿದ ತಂಡವೆಂಬುದನ್ನು ನಮ್ಮ ಭಾಗದ ರೈತರು ಅರಿತಿರುವುದು ಲೇಸು. ರಘು ದೀಕ್ಷಿತರ ಹನ್ನೆರಡು ವರ್ಷಗಳಲ್ಲಿ ಚಲನಚಿತ್ರಗಳ ಕೆಲಸವಿತ್ತು, ದೇಶವಿದೇಶಗಳ ಕಛೇರಿಗಳಿದ್ದುವು, ಸಕಲ ಕಲಾವಿದರನ್ನೂ ಮನೆಯಲ್ಲಿ ಕೂರಿಸಿದ ಕೊರೋನಾ ಇತ್ತು. 2018ರಲ್ಲಿ ಅವರ ನಡತೆಯ ವಿಷಯವಾಗಿ ಬಂದ ದೂರುಗಳೂ ಅವರು ಬಹಿರಂಗವಾಗಿ ಕೇಳಿದ ಕ್ಷಮೆಯೂ ಆ ಅವಧಿಗೇ ಸೇರಿದುವು, ಅವನ್ನು ಮರೆಮಾಚಿ ಬರೆಯುವುದು ಪ್ರಾಮಾಣಿಕವಾಗದು. ಆದರೆ ಕಾದ ವರ್ಷಗಳ ಸಂಖ್ಯೆಯಿಂದ ಹಾಡಿಗೆ ಬೆಲೆ ಬರಲಾರದು. ಕೇಳುಗರ ಗತಕಾಲದ ಹಂಬಲವೊಂದನ್ನೇ ನೆಮ್ಮಿ ನಿಂತ ಪುನರಾಗಮನಕ್ಕೆ ಆಯುಷ್ಯವೂ ಅಲ್ಪ. ಹೊಸ ಸಂಪುಟದಲ್ಲಿ ವಾರಿಜಶ್ರೀ ವೇಣುಗೋಪಾಲರ ಕಂಠವೂ ಕೂಡಿದ ‘ಸಾಕು ಇನ್ನು ಸಾಕು’ ಎಂಬ ಕನ್ನಡದ ಹಾಡನ್ನು ಕೇಳಿದಾಗ, ಸಂಪುಟಕ್ಕೆ ಹೆಸರು ಹಿಂದಿಯದಾದರೂ ತಂಡದ ಉಸಿರು ಕನ್ನಡದಲ್ಲಿಯೇ ಇದೆಯೆಂಬ ನನ್ನ ನಂಬಿಕೆ ಗಟ್ಟಿಯಾಯಿತು. ಶರೀಫರನ್ನು ಲಂಡನ್ನಿನವರೆಗೆ ಒಯ್ದ ಈ ಬಲದಿಂದ ಮುಂದೇನು ಮಾಡಬಹುದೆಂಬುದೇ ಈಗ ವಿಚಾರಿಸತಕ್ಕದ್ದು.

ಇದನ್ನು ವಿಚಾರಿಸುವ ಮುನ್ನ ಮಾದಪ್ಪನ ಗಾಯಕರನ್ನು ಕೊಂಚ ಸಮೀಪದಿಂದ ನೋಡಬೇಕು. ಕಂಸಾಳೆ ಎಂಬುದು ಕಂಚಿನ ಒಂದು ಜೋಡಿ: ಎಡ ಅಂಗೈಯಲ್ಲಿ ಬಟ್ಟಲಿನಂತಹ ತಾಳ, ಬಲಗೈಯಲ್ಲಿ ನಡುವೆ ರಂಧ್ರ ಕೊರೆದು ದಾರ ಪೋಣಿಸಿ ತುದಿಗೆ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಕುಳಿತು ಕಥೆ ಹೇಳುವಾಗ ಇವೆರಡೂ ಮೆಲ್ಲನೆ ಉಜ್ಜಿಕೊಂಡು, ಮಾತಿಗೂ ಹಾಡಿಗೂ ನಡುವೆ ಎಳೆಯಂತಹ ಒಂದು ಝೇಂಕಾರವನ್ನು ಹಿಡಿದಿಡುತ್ತವೆ. ಬೀಸು ಕಂಸಾಳೆಯ ಕುಣಿತದಲ್ಲಿಯಾದರೋ ಅದೇ ಬಲಗೈಯ ತಾಳ ದಾರದ ತುದಿಯಲ್ಲಿ ಸುಯ್ಯೆಂದು ತಿರುಗಿ, ತಲೆಯ ಮೇಲೆ, ಬೆನ್ನ ಹಿಂದೆ, ಮಂಡಿಯ ಕೆಳಗೆ, ಪಕ್ಕದವನ ಬಟ್ಟಲಿಗೂ ಬಡಿದು, ಒಂದು ಪೆಟ್ಟೂ ತಪ್ಪದೆ ಮರಳಿ ಬರುತ್ತದೆ. ಕಥನದಲ್ಲಿ ಮುಂಗಾಯಕನು ಒಂದು ಸೊಲ್ಲೆತ್ತಿದರೆ ಹಿಮ್ಮೇಳದವರು ದಮ್ಮಡಿಯೊಡನೆ ಅದನ್ನು ಹಿಡಿದು ನಿಲ್ಲಿಸುತ್ತಾರೆ. ಅವನು ಗದ್ಯಕ್ಕಿಳಿದು ಮಾತಾಡುತ್ತಾನೆ, ಅಳುತ್ತಾನೆ, ಗದರಿಸುತ್ತಾನೆ, ಮತ್ತೆ ಹಾಡಿಗೇರುತ್ತಾನೆ. ಶ್ರವಣ ದೊರೆಯ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಜುಂಜೇಗೌಡನ ಸಾಲು, ಸರಗೂರಯ್ಯನ ಸಾಲು ಎಂದು ಒಂದೊಂದಕ್ಕೂ ಒಂದೊಂದು ಇರುಳು ಸಾಲದೆನ್ನುವಷ್ಟು ವಿಸ್ತಾರವಾದ ಈ ಮಹಾಕಾವ್ಯವನ್ನು 1970ರ ದಶಕದಲ್ಲಿ ಪಿ. ಕೆ. ರಾಜಶೇಖರರಂತಹ ವಿದ್ವಾಂಸರು ಗಾಯಕರ ಬಾಯಿಂದ ಬರೆದಿಟ್ಟುಕೊಳ್ಳುವವರೆಗೂ ಅದಕ್ಕೆ ಗ್ರಂಥವೆಂಬುದು ಇರಲಿಲ್ಲ, ಗಾಯಕನ ನೆನಪೇ ಗ್ರಂಥವಾಗಿತ್ತು. ತಂಬೂರಿ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆ ಹಾಡುವ ನೀಲಗಾರರದೂ ಇದೇ ಬಗೆಯ ವಿದ್ಯೆ.

ಕಂಸಾಳೆಯವನ ಹಾಡಿಗೆ ವಿರಾಮವೆಂಬುದಿಲ್ಲ. ಹೆಚ್ಚಾಗಿ ಹಾಲುಮತದವರಾದ ದೇವರಗುಡ್ಡರು ಹರಕೆಯ ಮೇರೆಗೆ ಗುರುವಿನಿಂದ ದೀಕ್ಷೆ ಪಡೆದು, ಕೊರಳಿಗೆ ರುದ್ರಾಕ್ಷಿ, ಹೆಗಲಿಗೆ ಜೋಳಿಗೆ, ಕೈಗೆ ಬೆತ್ತ ಧರಿಸಿದ ಮೇಲೆ ಹಾಡುವುದು ಅವರ ಇಚ್ಛೆಗೆ ಬಿಟ್ಟ ವಿಷಯವಾಗಿ ಉಳಿಯುವುದಿಲ್ಲ; ಯುಗಾದಿ ಬಂದರೆ ಹಾಡಬೇಕು, ಮಹಾಲಯ ಅಮಾವಾಸ್ಯೆ ಬಂದರೆ ಹಾಡಬೇಕು, ಒಕ್ಕಲ ಮನೆಯವರು ಹರಕೆಯೊಪ್ಪಿಸಲು ಕರೆದರೆ ಗಂಟಲು ಕೆಟ್ಟಿದ್ದರೂ ಹೋಗಿ ಹಾಡಬೇಕು. ಆದರೆ ಈ ಪರಂಪರೆಯಲ್ಲಿ ಬೇರೊಂದು ಮೌನ ಕಾಲಿಡುತ್ತಿದೆ. ಮಳೆ ಕೈಕೊಟ್ಟಾಗ ಬೆಂಗಳೂರಿಗೋ ತಿರುಪ್ಪೂರಿಗೋ ಕೂಲಿಯರಸಿ ಹೋಗುವ ಮಗ ತಂದೆಯ ಜೋಳಿಗೆಯನ್ನು ಹೆಗಲಿಗೇರಿಸಲು ಒಪ್ಪುತ್ತಿಲ್ಲ. ಒಪ್ಪದಿರುವುದಕ್ಕೆ ಅವನನ್ನು ಹಳಿಯುವ ಅಧಿಕಾರ ನಮಗಾರಿಗೂ ಇಲ್ಲ, ಏಕೆಂದರೆ ಭಿಕ್ಷೆಯ ಅಕ್ಕಿಯಿಂದ ಸಂಸಾರ ಸಾಗದೆಂಬುದು ಅವನು ಬಾಲ್ಯದಿಂದಲೂ ಕಂಡ ಸತ್ಯ. ಬೆಂಗಳೂರಿನ ತಂಡ ಹನ್ನೆರಡು ವರ್ಷ ಸುಮ್ಮನಿದ್ದು ಮರಳಬಲ್ಲದು, ಅದರ ಹಳೆಯ ಹಾಡುಗಳು ಧ್ವನಿಮುದ್ರಿಕೆಯಲ್ಲಿ ಭದ್ರವಾಗಿರುತ್ತವೆ. ಐದು ಇರುಳಿನ ಕಥೆಯನ್ನು ಬಾಯಲ್ಲಿಟ್ಟುಕೊಂಡ ಮುದುಕನೊಬ್ಬ ಶಿಷ್ಯನಿಲ್ಲದೆ ತೀರಿಕೊಂಡರೆ ಆ ಐದು ಇರುಳೂ ಅವನೊಡನೆಯೇ ಹೋಗುತ್ತವೆ.

ಹಾಗೆಂದು ನಗರದ ಸಂಗೀತಗಾರರು ನಮ್ಮ ಪದಗಳನ್ನು ಮುಟ್ಟಕೂಡದೆಂಬ ವಾದವನ್ನು ನಾನು ಒಪ್ಪೆನು. ಶೈವಾಗಮದ ಮಾತನ್ನೂ, ಸೋಲಿಗರ ಕಾಡಿನ ಮಾತನ್ನೂ, ಹೊಲೆಮನೆಯ ನುಡಿಯನ್ನೂ, ಅರಮನೆಯ ನುಡಿಯನ್ನೂ ಒಳಗೊಂಡು ಬೆಳೆದ ಕಾವ್ಯಕ್ಕೆ ಗಿಟಾರಿನಿಂದ ಮೈಲಿಗೆ ತಟ್ಟಲಾರದು. ರಾಕ್ ಸಂಗೀತಕ್ಕೆ ಅತ್ಯಾವಶ್ಯಕವಾದ ಬಡಿತದ ದಾರ್ಢ್ಯವೂ ಎದೆಯಿಂದ ಸಿಡಿಯುವ ಕೂಗೂ ಬೀಸು ಕಂಸಾಳೆಯಲ್ಲಿ ಹುಟ್ಟಿನಿಂದಲೇ ಇವೆ. ಇವೆರಡರ ಸಮಾಗಮ ನಡೆಯಬೇಕಾದುದೇ. ಆದರೆ ಕಥೆಯನ್ನು ಅರಿಯದೆ ಹೆಸರನ್ನು ಮಾತ್ರ ಎತ್ತಿಕೊಂಡಾಗ ಏನಾಗುವುದೆಂಬುದನ್ನು ನಾವು 2020ರ ಗಣೇಶನ ಹಬ್ಬದ ದಿನಗಳಲ್ಲಿ ಕಂಡೆವು. ಚಂದನ್ ಶೆಟ್ಟಿಯವರು ಕೋಲುಮಂಡೆ ಜಂಗಮನ ಪದವನ್ನು ರ‍್ಯಾಪ್ ಶೈಲಿಗೆ ಅಳವಡಿಸಿ ಹೊರತಂದ ವಿಡಿಯೋದಲ್ಲಿ ಸಂಕಮ್ಮನನ್ನು ಚಿತ್ರಿಸಿದ ರೀತಿ ಮಾದಪ್ಪನ ಭಕ್ತರ ಮನಸ್ಸನ್ನು ನೋಯಿಸಿತು. ಪ್ರತಿಭಟನೆ ಎದ್ದಿತು, ಅವರು ಕ್ಷಮೆ ಯಾಚಿಸಿದರು, ವಿಡಿಯೋವನ್ನು ಹಿಂತೆಗೆಯಲಾಯಿತು. ಜೇನು ತರಲು ಕಾಡಿಗೆ ಹೊರಟ ಗಂಡ ಶೀಲವನ್ನು ಶಂಕಿಸಿ ಭಾಷೆ ಕೇಳಿದಾಗ, ಕೊಡೆನೆಂದು ಎದುರು ನಿಂತು ಚಿತ್ರಹಿಂಸೆ ಸಹಿಸಿದ ಹೆಣ್ಣು ಸಂಕಮ್ಮ. ಕನ್ನಡದ ಕಾವ್ಯಗಳಲ್ಲಿ ಅವಳಷ್ಟು ಸ್ವಾಭಿಮಾನಿಯಾದ ಸ್ತ್ರೀಯರು ಬಹಳ ಮಂದಿಯಿಲ್ಲ. ಆ ಸಾಲನ್ನು ಒಂದಿರುಳು ಕುಳಿತು ಕೇಳಿದ್ದ ಯಾವ ಕಲಾವಿದನೂ ಅವಳನ್ನು ಬೆಡಗಿನ ಬೊಂಬೆಯಾಗಿ ಕುಣಿಸುವ ಕಡೆಗೆ ಮನಸ್ಸು ಹರಿಸುತ್ತಿರಲಿಲ್ಲ. ಆ ತರುಣನಲ್ಲಿ ದುರುದ್ದೇಶವಿತ್ತೆಂದು ನಾನು ಹೇಳೆನು. ಕೇಳುವ ವ್ಯವಧಾನ ಮಾತ್ರ ಇರಲಿಲ್ಲ.

ಸೊಲ್ಲನ್ನು ಕಾಪಾಡಿದವರ ಋಣದ ವಿಷಯದಲ್ಲಿ ಕಾನೂನು ಅರ್ಧದಾರಿಯವರೆಗೆ ಮಾತ್ರ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಮಾಡಿದ ತಿದ್ದುಪಡಿಯಿಂದ, ಹಾಡುಗಾರನ ಗಾಯನವನ್ನು ಮುದ್ರಿಸಿ ವಾಣಿಜ್ಯಕ್ಕೆ ಬಳಸಿದರೆ ಅದರ ಗೌರವಧನದಲ್ಲಿ ಅವನಿಗೆ ಪಾಲುಂಟು. ಆದರೆ ಕರ್ತೃವಿಲ್ಲದ ಪದವನ್ನು ಅವನ ಬಾಯಿಂದ ಕೇಳಿ ಕಲಿತು ಬೇರೊಬ್ಬರು ಹಾಡಿದರೆ, ಆ ಪದವನ್ನು ತಲೆಮಾರುಗಳಿಂದ ಹೊತ್ತು ತಂದವನಿಗೆ ಆ ಕಾಯಿದೆಯಿಂದ ಒಂದು ಕಾಸೂ ದಕ್ಕದು. ಕಾಯಿದೆ ನಿಲ್ಲುವ ಈ ಜಾಗದಿಂದಲೇ ಕಲಾವಿದನ ಧರ್ಮ ಆರಂಭವಾಗಬೇಕು. ಸಂಪುಟದ ಮೇಲೆ ಗಿಟಾರು ನುಡಿಸಿದವನ ಹೆಸರಿರುವಂತೆಯೇ ಸೊಲ್ಲು ಕಲಿಸಿದವನ ಹೆಸರೂ ಅವನ ಊರಿನ ಹೆಸರೂ ಇರಲಿ. ಧ್ವನಿಮುದ್ರಣದ ಕೋಣೆಯೊಳಕ್ಕೆ ಅವನನ್ನೇ ಕರೆದು, ನಗರದ ವಾದಕನಿಗೆ ಕೊಡುವ ಸಂಭಾವನೆಯನ್ನೇ ಅವನಿಗೂ ಕೊಡಲಿ. ಶರೀಫರ ಪದಗಳಿಗೆ ಹೊಸ ಕೇಳುಗರನ್ನು ತಂದುಕೊಟ್ಟ ರಘು ದೀಕ್ಷಿತರಿಗೆ ಇದು ಅಸಾಧ್ಯವಾದ ಕೆಲಸವಲ್ಲ. ಮಾದಪ್ಪನ ಹೆಸರಿನ ಹಾಡಿನಿಂದ ನಮ್ಮ ಹುಡುಗರ ಪ್ರೀತಿಯನ್ನು ಗಳಿಸಿದವರಿಗೆ ಇದು ಸಲ್ಲತಕ್ಕ ಕರ್ತವ್ಯವೂ ಹೌದು.

ನಮ್ಮವರ ಹೊಣೆಯೂ ಇದರಲ್ಲಿ ಕಡಿಮೆಯಿಲ್ಲ. ಉತ್ಸವಗಳ ವೇದಿಕೆಯಲ್ಲಿ ಕಂಸಾಳೆಯವರನ್ನು ಬಿಸಿಲಿಳಿಯುವ ಮುನ್ನ, ಕುರ್ಚಿಗಳು ಇನ್ನೂ ಖಾಲಿಯಿರುವಾಗ, ಕಾಲು ಗಂಟೆ ಕುಣಿಸಿ ಇಳಿಸಿ, ರಾತ್ರಿಯ ದೀಪಗಳನ್ನೆಲ್ಲ ಹೊರಗಿನಿಂದ ಬಂದ ತಂಡಗಳಿಗೆ ಮೀಸಲಿಡುವ ರೂಢಿಯನ್ನು ನಾವೇ ಬೆಳೆಸಿದ್ದೇವೆ. ಜಿಲ್ಲಾಡಳಿತವೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಮುಂದಿನ ಚಾಮರಾಜನಗರ ದಸರೆಗೆ ಕಾರ್ಯಕ್ರಮಪಟ್ಟಿ ಸಿದ್ಧಪಡಿಸುವಾಗ, ರಾತ್ರಿ ಎಂಟರ ಮುಖ್ಯ ವೇದಿಕೆಯಲ್ಲಿ ದೇವರಗುಡ್ಡರ ಒಂದು ಮೇಳಕ್ಕೆ ಪೂರ್ತಿ ಒಂದು ಗಂಟೆ ಕೊಡಲಿ. ಅದರ ಮುಂದಿನ ಗಂಟೆಗೆ ರಘು ದೀಕ್ಷಿತರ ತಂಡವನ್ನೋ ಸ್ವರಾತ್ಮವನ್ನೋ ಕರೆಯಲಿ. ಇಬ್ಬರೂ ಒಂದಾದರೂ ಪದವನ್ನು ಕೂಡಿ ಹಾಡಲೆಂದು ಆಹ್ವಾನಪತ್ರಿಕೆಯಲ್ಲಿಯೇ ಬರೆದು ಕೇಳಲಿ. ಹರವೆ, ಗುಂಡ್ಲುಪೇಟೆಗಳ ಓದುಗರಲ್ಲಿ ನನ್ನ ವಿನಂತಿ ಇಷ್ಟೆ: ನಿಮ್ಮ ಊರಿನಲ್ಲಿ ಸಾಲು ಬಲ್ಲ ಹಿರಿಯರು ಇನ್ನೂ ಇದ್ದರೆ, ಈ ವರ್ಷದ ಶಿವರಾತ್ರಿಗೆ ಅವರನ್ನು ಮನೆಗೆ ಕರೆದು, ತಕ್ಕ ಸಂಭಾವನೆ ಕೊಟ್ಟು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇರುಳು ಪೂರ್ತಿ ಹಾಡಿಸಿರಿ.