ಹೊಸೂರು: ಗಡಿಯ ಬಾಗಿಲಲ್ಲಿ ಏಳು ದಶಕ

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯಗಳ ಗೆರೆ ಬಿದ್ದಾಗ ಹೊಸೂರು, ಡೆಂಕಣಿಕೋಟೆ, ತಳಿ, ಕೃಷ್ಣಗಿರಿ ಸೀಮೆಯ ಕನ್ನಡಿಗರು ಮದ್ರಾಸು ರಾಜ್ಯದಲ್ಲೇ ಉಳಿದರು. ಅದಾಗಿ ಏಳು ದಶಕ ತುಂಬುತ್ತ ಬಂತು. ಅಂದು ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ಇಂದು ಮರಿಮಕ್ಕಳನ್ನು ಕಂಡಿದ್ದಾರೆ. ಹೊಸೂರಿಗೆ ಸಮುದ್ರವಿಲ್ಲ. ಆದರೂ ಬಂದರು ಪಟ್ಟಣದ ಬಾಳು ಇದರದು. ಸರಕು ಇಲ್ಲಿ ಇಳಿದು ಏರುತ್ತದೆ, ಒಂದೇ ಅಂಗಡಿಯ ಮುಂದೆ ನಾಲ್ಕು ಭಾಷೆ ಕೇಳುತ್ತದೆ, ಮಾಲೀಕ ಯಾರೆಂದು ಊರು ಎಂದೂ ಒಂದೇ ಮಾತಿನಲ್ಲಿ ಹೇಳಿದ್ದಿಲ್ಲ. ಅತ್ತಿಬೆಲೆಗೂ ಜುಜುವಾಡಿಗೂ ನಡುವಿನ ಗಡಿಯೇ ಇದರ ಹಡಗುಕಟ್ಟೆ.

ಈ ಗೆರೆ 1956ರಲ್ಲಿ ಮೊದಲಿಗೆ ಎಳೆದದ್ದಲ್ಲ ಎಂಬುದನ್ನು ನಾವು ಮರೆಯುತ್ತೇವೆ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಬಾರಾಮಹಲನ್ನು ಕಂಪನಿಗೆ ಬಿಟ್ಟುಕೊಟ್ಟ, ಅದರೊಂದಿಗೆ ಕೃಷ್ಣಗಿರಿ ಹೋಯಿತು. ಘಟ್ಟದ ಮೇಲಿನ ಹೊಸೂರು ಸೀಮೆ ಇನ್ನೂ ಏಳು ವರ್ಷ ಮೈಸೂರಿನದಾಗಿಯೇ ಇದ್ದು, 1799ರಲ್ಲಿ ಟಿಪ್ಪು ಮಡಿದ ಮೇಲೆ ಬಾಲಾಘಾಟ್ ಎಂಬ ಹೆಸರಿನಲ್ಲಿ ಸೇಲಂ ಜಿಲ್ಲೆಗೆ ಸೇರಿತು. ಅಂದರೆ ನಮ್ಮ ಹಿರಿಯರು ಮೈಸೂರನ್ನು ಬಿಟ್ಟದ್ದು ಭಾಷೆಯ ಲೆಕ್ಕದಲ್ಲಲ್ಲ, ಯುದ್ಧದ ಲೆಕ್ಕದಲ್ಲಿ. ಮುಂದೆ ಭಾಷೆಯ ಲೆಕ್ಕ ತೆಗೆದಾಗ ಆ ಹಳೆಯ ಯುದ್ಧದ ಗೆರೆಯೇ ಗಟ್ಟಿಯಾಗಿ ನಿಂತಿತು. ಕಂಪನಿಯ ಅಧಿಕಾರಿ ಅಲೆಕ್ಸಾಂಡರ್ ರೀಡ್‌ನ ಕೈಕೆಳಗೆ ಥಾಮಸ್ ಮನ್ರೋ ಏಳು ವರ್ಷ ಬಾರಾಮಹಲಿನ ಹೊಲಗಳನ್ನು ಅಳೆದು ಕಲಿತದ್ದೇ ಮುಂದೆ ದಕ್ಷಿಣದ ರೈತವಾರಿ ಪದ್ಧತಿಗೆ ಬುನಾದಿಯಾಯಿತು. 1824ರಲ್ಲಿ ಮತ್ತಿಗಿರಿಯ ಬಳಿ ಸೈನ್ಯದ ಕುದುರೆಗಳಿಗಾಗಿ ಎದ್ದ ಲಾಯ ಇಂದಿಗೂ ಜಾನುವಾರು ಫಾರಂ ಆಗಿ ಉಳಿದಿದೆ. ಆಂಗ್ಲ ಅಧಿಕಾರಿಯೊಬ್ಬರು ಇಂಗ್ಲೆಂಡಿನ ಕೆನಿಲ್ವರ್ತ್ ಕೋಟೆಯನ್ನು ನೆನೆದು ಇಲ್ಲಿ ಕಟ್ಟಿಸಿದ ಬಂಗಲೆ ಪಾಳುಬಿದ್ದು ಗಿಡಗಂಟಿಗಳ ಪಾಲಾಗಿದೆ. ಅರಸರೂ ಅಧಿಕಾರಿಗಳೂ ಹೋದ ಮೇಲೂ ಕದಲದೆ ನಿಂತದ್ದು ಚಂದ್ರಚೂಡೇಶ್ವರನ ಬೆಟ್ಟ. ಶಿವ ಉಡವಾಗಿ ಈ ಬೆಟ್ಟಕ್ಕೆ ಬಂದನೆಂಬ ಕಥೆಯನ್ನು ಅಜ್ಜಿಯರು ಮೂರು ಭಾಷೆಗಳಲ್ಲಿ ಹೇಳುತ್ತಾರೆ. ಫಾಲ್ಗುಣದ ತೇರಿಗೆ ಆನೇಕಲ್ಲು, ಮಾಲೂರು, ಕುಪ್ಪಂ ಕಡೆಯಿಂದಲೂ ಜನ ಬಂದು ಹಗ್ಗ ಹಿಡಿಯುತ್ತಾರೆ. ಆ ಹಗ್ಗ ಹಿಡಿದವನ ರಾಜ್ಯ ಯಾವುದೆಂದು ಯಾರೂ ಕೇಳಿದ್ದಿಲ್ಲ.

ಇಪ್ಪತ್ತನೇ ಶತಮಾನ ಈ ಸೀಮೆಗೆ ಒಳ್ಳೆಯ ಸುದ್ದಿಯೊಂದಿಗೆ ಬಂತು. ಕಿರುದಾರಿಯ ರೈಲು ತಿರುಪತ್ತೂರಿನಿಂದ ಕೃಷ್ಣಗಿರಿಗೂ, ಮೊರಪ್ಪೂರಿನಿಂದ ಧರ್ಮಪುರಿಗೂ ಬಂತು. 1913ರ ಹೊತ್ತಿಗೆ ಹೊಸೂರನ್ನೂ ಮುಟ್ಟಿತು. ಬಂದಷ್ಟೇ ಬೇಗ ಹೋಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಹಳಿಗಳನ್ನು ಕಿತ್ತರು. ಹೊಸೂರಿಗೆ ಮುಂದೆ ಬೆಂಗಳೂರು–ಸೇಲಂ ಮಾರ್ಗ ಸಿಕ್ಕಿತು. ಕೃಷ್ಣಗಿರಿಗೆ ಸಿಗಲಿಲ್ಲ. ಜಿಲ್ಲಾ ಕೇಂದ್ರವಾಗಿ, ಹೆದ್ದಾರಿಗಳ ಕೂಡುದಾರಿಯಾಗಿ ಬೆಳೆದ ಆ ಪಟ್ಟಣದಲ್ಲಿ ಇಂದಿಗೂ ರೈಲು ನಿಲ್ದಾಣವಿಲ್ಲ. ಪ್ರತಿ ಚುನಾವಣೆಯಲ್ಲೂ ಜೋಲಾರಪೇಟೆ–ಹೊಸೂರು ಮಾರ್ಗದ ಮಾತು ಬರುತ್ತದೆ, ಸರ್ವೆ ಎನ್ನುತ್ತಾರೆ, ಮಾವಿನ ತೋಪಿನ ರೈತ ಲಾರಿಗೇ ಬಾಡಿಗೆ ಕಟ್ಟುತ್ತಾನೆ. ಭಾಷಾವಾರು ಗೆರೆ ಬೀಳುವ ಮೊದಲು ಈ ನೆಲದ ಮಗ ರಾಜಾಜಿ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ಹುಟ್ಟಿ, ಹೊಸೂರಿನ ಶಾಲೆಯಲ್ಲೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ ಓದಿ, ಭಾರತದ ಗವರ್ನರ್ ಜನರಲ್ ಆದರು. ಒಂದೇ ಬದುಕಿನಲ್ಲಿ ಹೊಸೂರೂ ಬೆಂಗಳೂರೂ ಮದ್ರಾಸೂ ಸಲೀಸಾಗಿ ಹೊಂದಿದ್ದ ಕಾಲವದು.

1956ರಲ್ಲಿ ನಮಗೆ ಸಿಕ್ಕ ಮಾತು ಸಣ್ಣದೇನಲ್ಲ. ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ, ಭಾಷಾ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಅಧಿಕಾರಿ ಎಂದು ಅದೇ ವರ್ಷ ಸಂವಿಧಾನಕ್ಕೆ 350ಎ, 350ಬಿ ವಿಧಿಗಳು ಸೇರಿದವು. ಅದೇ ದಶಕದಲ್ಲಿ ಕಾಮರಾಜರ ಸರ್ಕಾರ ಕೃಷ್ಣಗಿರಿಯಲ್ಲಿ ದಕ್ಷಿಣ ಪಿನಾಕಿನಿಗೆ ಅಣೆಕಟ್ಟು ಕಟ್ಟಿ ಬೆಂಗಾಡಿಗೆ ನೀರು ಕೊಟ್ಟಿತು. ನೀರಿನ ಮಾತು ಉಳಿಯಿತು, ನುಡಿಯ ಮಾತು ಕಾಗದದಲ್ಲಿ ಉಳಿಯಿತು. 1965ರಲ್ಲಿ ಸೇಲಂ ಒಡೆದು ಧರ್ಮಪುರಿ, 2004ರಲ್ಲಿ ಧರ್ಮಪುರಿ ಒಡೆದು ಕೃಷ್ಣಗಿರಿ ಜಿಲ್ಲೆಯಾಯಿತು. ಕಚೇರಿ ಹತ್ತಿರ ಬಂತು, ಅದು ನಿಜವಾದ ಲಾಭ. ಆ ಕಚೇರಿಯ ಅರ್ಜಿ ಮಾತ್ರ ಕನ್ನಡದಲ್ಲಿ ಬರಲಿಲ್ಲ.

ಆಮೇಲಿನದು ಕಾರ್ಖಾನೆಗಳ ಕಾಲ. ರಾಗಿ, ಅವರೆ, ಹುರುಳಿ ಬೆಳೆಯುತ್ತಿದ್ದ ಹೊಲಗಳ ಮೇಲೆ 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ವಸಾಹತು ಎದ್ದಿತು. 1980ರಲ್ಲಿ ಅಶೋಕ್ ಲೇಲ್ಯಾಂಡ್, ಅದೇ ಹೊತ್ತಿಗೆ ಟಿವಿಎಸ್ ಮೊಪೆಡ್, 1987ರ ಹೊತ್ತಿಗೆ ಟೈಟಾನ್ ಗಡಿಯಾರ. ಗಡಿಯಾರದ ಕಾರ್ಖಾನೆ ಹತ್ತನೇ ತರಗತಿ, ಹನ್ನೆರಡನೇ ತರಗತಿ ಮುಗಿಸಿದ ಹಳ್ಳಿ ಮಕ್ಕಳನ್ನು ಕರೆದು, ತರಬೇತಿ ಕೊಟ್ಟು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಚಿಮಟದಲ್ಲಿ ಎಳ್ಳಿನಷ್ಟು ಸಣ್ಣ ತಿರುಪು ಹಿಡಿಯಲು ಕಲಿಸಿದ್ದು ಈ ಸೀಮೆಯ ಸಾಮಾಜಿಕ ಚರಿತ್ರೆಯಲ್ಲಿ ದೊಡ್ಡ ಸಂಗತಿ. ಮನೆಯಲ್ಲಿ ಮೊದಲ ಸಂಬಳದ ಕವರು ತಂದವಳು ಮಗಳಾದಳು. ಮೂಲೆಯ ತಾಲೂಕು ಪಟ್ಟಣ 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ಹೊಸೂರಿನ ಗುಲಾಬಿ ಹೊರದೇಶಕ್ಕೆ ಹೋಯಿತು, ಕೃಷ್ಣಗಿರಿಯ ತೋತಾಪುರಿ ಮಾವು ತಿರುಳಾಗಿ ಡಬ್ಬಿ ಸೇರಿತು. ಇದನ್ನೆಲ್ಲ ನಷ್ಟವೆಂದು ಬರೆಯುವ ಕೈ ನಮ್ಮದಲ್ಲ.

ಆದರೆ ನದಿಯ ಮಾತು ಬಂದಾಗ ಲೇಖನಿ ಭಾರವಾಗುತ್ತದೆ. ನಂದಿಬೆಟ್ಟದಲ್ಲಿ ಹುಟ್ಟಿ ಕಡಲೂರಿನಲ್ಲಿ ಸಮುದ್ರ ಸೇರುವ ದಕ್ಷಿಣ ಪಿನಾಕಿನಿ ಹೊಸೂರಿಗೆ ಬರುವ ಮುನ್ನ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೊಳೆಯನ್ನು ಹೊತ್ತು ಬರುತ್ತದೆ. ಮಳೆ ಬಿದ್ದು ಕೆಲವರಪಳ್ಳಿ ಅಣೆಕಟ್ಟಿನ ತೂಬು ತೆರೆದ ದಿನ ಕೆಳಗಿನ ಹಾದಿಯಲ್ಲಿ ನಿಂತು ನೋಡಿ: ಆಳೆತ್ತರದ ಬಿಳಿ ನೊರೆ ನೆಲಸೇತುವೆಯನ್ನು ಮುಚ್ಚಿರುತ್ತದೆ, ಗಾಳಿ ಬೀಸಿದರೆ ಮುದ್ದೆ ಮುದ್ದೆಯಾಗಿ ಹಾರಿ ಟೊಮೆಟೊ ಸಾಲಿನ ಮೇಲೆ ಕೂರುತ್ತದೆ, ಮೂಗಿಗೆ ಸೋಪಿನದಲ್ಲ, ಕೊಳೆತ ಮೊಟ್ಟೆಯ ವಾಸನೆ ಬಡಿಯುತ್ತದೆ. ಹಾಲಿನ ಕ್ಯಾನು ಕಟ್ಟಿದ ಬೈಕು ಸೇತುವೆಯ ಅಂಚು ಕಾಣದೆ ಹಿಂದಿರುಗುತ್ತದೆ. ಈ ನೊರೆ ಕರ್ನಾಟಕದ ನಗರವೊಂದು ಗಡಿಯಾಚೆಯ ರೈತರಿಗೆ, ಅವರಲ್ಲಿ ಕನ್ನಡವನ್ನೇ ಆಡುವವನಿಗೂ, ಕಳಿಸಿದ್ದು. ಭಾಷೆಯ ಅಭಿಮಾನ ಹೇಳುವಾಗ ಬೆಂಗಳೂರು ಇದನ್ನೂ ನೆನೆಯಬೇಕು. ಹೊಸೂರಿನೊಳಗಿನ ರಾಮನಾಯಕನ ಕೆರೆ ಕೆಟ್ಟದ್ದಕ್ಕೆ ಹೊರಗಿನವರನ್ನು ದೂರಲೂ ಆಗದು. ಅದನ್ನು ನಾವೇ ಕೆಡಿಸಿಕೊಂಡೆವು.

ಗಡಿಯೂ ಬದಲಾಗಿದೆ. ಲಾರಿಗಳ ಸಾಲು ಕಣ್ಣಿಗೆಟಕುವವರೆಗೆ ನಿಲ್ಲುತ್ತಿದ್ದ ತೆರಿಗೆ ಚೆಕ್‌ಪೋಸ್ಟು 2017ರಲ್ಲಿ ಜಿಎಸ್‌ಟಿ ಬಂದೊಡನೆ ಮುಚ್ಚಿತು. ಅದಕ್ಕೆ ಒಂದು ವರ್ಷ ಮುಂಚೆ, 2016ರ ಸೆಪ್ಟೆಂಬರಿನ ಕಾವೇರಿ ಗಲಭೆಯಲ್ಲಿ ಬಸ್ಸುಗಳು ಎರಡೂ ಕಡೆ ನಿಂತಾಗ ಮಕ್ಕಳನ್ನು ಕಂಕುಳಲ್ಲಿ, ಸೂಟ್‌ಕೇಸನ್ನು ತಲೆಯ ಮೇಲೆ ಹೊತ್ತು ಅತ್ತಿಬೆಲೆಯಿಂದ ಜುಜುವಾಡಿಗೆ ನಡೆದ ಸಾವಿರಾರು ಜನ ನಮ್ಮ ಕಣ್ಣಿಂದ ಮರೆಯಾಗಿಲ್ಲ. ಶಾಲೆಯೊಳಗೂ ಗಡಿಯೊಂದು ಬಂತು: 2006ರ ತಮಿಳು ಕಲಿಕೆ ಕಾಯ್ದೆ ಹತ್ತನೇ ತರಗತಿಯವರೆಗೆ ತಮಿಳನ್ನು ಕಡ್ಡಾಯ ಮಾಡಿತು. ನಾಡಿನ ಭಾಷೆ ಕಲಿಯುವುದು ನ್ಯಾಯವೇ, ಈ ಸೀಮೆಯ ಮಕ್ಕಳು ಅದನ್ನು ಬೀದಿಯಲ್ಲೇ ಕಲಿತಿರುತ್ತಾರೆ. ನೋವು ಬೇರೆ: ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ವಿನಾಯಿತಿ ಪಡೆಯಲು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಹೊಸೂರು ಪೇಟೆಯಲ್ಲಿ ತೆಲುಗು ನಮಗಿಂತ ಹೆಚ್ಚು ಕೇಳುತ್ತದೆ, ಆ ಭಾಷೆಯ ಮಕ್ಕಳ ಪಾಡೂ ಇದೇ. ಹಾಗಾಗಿ ಈ ಅಳಲು ಕನ್ನಡದ ಒಬ್ಬಂಟಿ ಅಳಲಲ್ಲ.

2024ರ ಜೂನ್‌ನಲ್ಲಿ ತಮಿಳುನಾಡು ಸರ್ಕಾರ ಹೊಸೂರಿಗೆ 2,000 ಎಕರೆಯ ವಿಮಾನ ನಿಲ್ದಾಣವನ್ನು ಘೋಷಿಸಿತು. ವರ್ಷಕ್ಕೆ ಮೂರು ಕೋಟಿ ಪ್ರಯಾಣಿಕರ ಗುರಿ. ಕಿರುದಾರಿಯ ರೈಲು ಕಿತ್ತುಹೋದುದನ್ನು ಕೇಳಿ ಬೆಳೆದವರಿಗೆ ಇಂಥ ಸುದ್ದಿ ಓದುವಾಗ ಸಂತೋಷದ ಜೊತೆಗೆ ಒಂದು ಅಳುಕೂ ಇರುತ್ತದೆ. ನಮ್ಮ ಕೋರಿಕೆ ಸಣ್ಣದು. ಸರ್ವೆಯವರು ಸರಪಳಿ ಹಿಡಿದು ಇಳಿಯುವ ಮೊದಲು ಆ ಎಕರೆಗಳಲ್ಲಿರುವ ಕೆರೆ, ರಾಜಕಾಲುವೆ, ಹೊಲದ ಬದುವಿನಲ್ಲಿ ಅರ್ಧ ಹೂತು ನಿಂತ ವೀರಗಲ್ಲು, ಅದರ ಮೇಲಿನ ಅಕ್ಷರ ಕನ್ನಡವೋ ತಮಿಳೋ, ಎಲ್ಲವೂ ನಕ್ಷೆಯಲ್ಲಿ ಗುರುತಾಗಲಿ. ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರು, ಶೂಲಗಿರಿ ಎಂಬ ಹೆಸರುಗಳನ್ನು ಊರಿನ ಮುದುಕರು ಹೇಗೆ ಉಚ್ಚರಿಸುತ್ತಾರೋ ಹಾಗೆ ಒಮ್ಮೆ ಬರೆದುಕೊಳ್ಳಲಿ.