ಅಡೇನಿಯಂ: ನೀರು ಕಡಿಮೆ, ಹೂವು ಹೆಚ್ಚು

ಅಂಗಳವಿಲ್ಲದ ಮನೆಗೂ ಹೂವು ಬೇಕೆನ್ನುವವರಿಗೆ ಅಡೇನಿಯಂ ಒಳ್ಳೆಯ ಗಿಡ. ಯಮನ್ ದೇಶದ ಏಡನ್‌ನಿಂದ ಇದಕ್ಕೆ ಈ ಹೆಸರು ಬಂದಿದೆ. ಒಣನಾಡಿನ ಗಿಡವಾದ್ದರಿಂದ ದಪ್ಪ ಬುಡದಲ್ಲಿ ನೀರನ್ನು ಕೂಡಿಟ್ಟುಕೊಳ್ಳುತ್ತದೆ.

ಉಣಕಲ್‌ನ ನಮ್ಮ ಮನೆಯಲ್ಲಿ ಮೊದಲ ಗಿಡವನ್ನು ನಾನೇ ಕೊಂದೆ. ಎರೆಮಣ್ಣಿನಲ್ಲಿ ನೆಟ್ಟು ದಿನಾ ನೀರು ಹಾಕಿದೆ. ಎಲೆ ಹಳದಿಯಾದಾಗ ಬಾಯಾರಿಕೆಯೆಂದು ಇನ್ನೊಂದು ತಂಬಿಗೆ ಸುರಿದೆ. ಮುಟ್ಟಿ ನೋಡಿದರೆ ಬುಡ ಕೊಳೆತು ಮೆತ್ತಗಾಗಿತ್ತು.

ನೀವು ಹಾಗೆ ಮಾಡಬೇಡಿ. ಕೆಂಪು ಮಣ್ಣು, ದಪ್ಪ ಮರಳು, ಇಟ್ಟಿಗೆ ಚೂರು, ಸ್ವಲ್ಪ ಹಳೆಯ ಗೊಬ್ಬರ ಬೆರೆಸಿ. ಕುಂಡದ ತಳಕ್ಕೆ ತೂತಿರಲಿ. ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೀಳಲಿ. ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು ಹಾಕಿ. ಜೂನ್‌ನಲ್ಲಿ ಮಳೆ ಹಿಡಿದರೆ ಕುಂಡವನ್ನು ಸೂರಿನ ಕೆಳಗೆ ಸರಿಸಿ. ಚಳಿಗಾಲದಲ್ಲಿ ಎಲೆ ಉದುರಿದರೆ ಹೆದರಬೇಡಿ. ಗಿಡ ವಿಶ್ರಾಂತಿ ಪಡೆಯುತ್ತಿದೆ. ಚಳಿ ಕಳೆದ ಮೇಲೆ ರೆಂಬೆಗಳ ತುದಿ ಕತ್ತರಿಸಿ, ಹೊಸ ಚಿಗುರಿನಲ್ಲಿ ಹೂವು ಬರುತ್ತದೆ.

ಒಂದು ಮಾತು ಮರೆಯಬೇಡಿ. ಕಣಗಿಲೆಯ ಬಳಗದ ಈ ಗಿಡದ ಹಾಲು ವಿಷ. ಆಫ್ರಿಕಾದ ಬೇಟೆಗಾರರು ಇದನ್ನು ಬಾಣದ ತುದಿಗೆ ಹಚ್ಚುತ್ತಿದ್ದರು. ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ಮಕ್ಕಳಿಗೆ, ಆಡುಗಳಿಗೆ ಎಟುಕದಂತೆ ಎತ್ತರದಲ್ಲಿಡಿ. ಕತ್ತರಿಸಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಮಗು ಎಲೆ ಜಗಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ನನ್ನ ಎರಡನೆಯ ಗಿಡ ಈಗ ತಾರಸಿಯ ಕಟ್ಟೆಯ ಮೇಲೆ ಹೂ ಬಿಟ್ಟಿದೆ.